ಎಬ್ಬಿಸು, ಒಕ್ಕಲೆಬ್ಬಿಸು

ನಮ್ಮ ಕಡೆ ‘ಎಬ್ಬಿಸು’ ಅನ್ನುವ ಮಾತಿಗೆ ದಿನವಿಡೀ ಕೆಲಸ. ಹಳಿಯಾಳದಲ್ಲಿ ಶಾಲೆಗೆ ಹೊತ್ತಾಯಿತೆಂದು ತಾಯಿ ಮಗನನ್ನು ಎಬ್ಬಿಸುತ್ತಾಳೆ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವರ ಮನೆಗೆ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಿ, ಹೆಂಡತಿ ಬಾಗಿಲಲ್ಲೇ ದನಿ ತಗ್ಗಿಸಿ ‘ಈಗಷ್ಟ ಮಲಗ್ಯಾರ್ರೀ, ಎಬ್ಬಿಸಬ್ಯಾಡ್ರಿ’ ಅನ್ನುತ್ತಾರೆ. ಊಟಕ್ಕೆ ಕೂತವನನ್ನು ಪಂಕ್ತಿಯಿಂದ ಎಬ್ಬಿಸಿದರೆ ಅದು ಏಳೇಳು ವರ್ಷ ಮರೆಯದ ಅವಮಾನ. ಧೂಳೆಬ್ಬಿಸುತ್ತೇವೆ, ಗಲಾಟೆ ಎಬ್ಬಿಸುತ್ತೇವೆ. ಇದೇ ಮಾತಿನ ಹಿಂದೆ ‘ಒಕ್ಕಲು’ ಸೇರಿಸಿದರೆ ‘ಒಕ್ಕಲೆಬ್ಬಿಸು’ ಆಗುತ್ತದೆ. ಜೋಯಿಡಾ ಕಡೆಯ ಸುದ್ದಿ ಬರೆಯುವವನಿಗೆ ಈ ಪದ ಆಗಾಗ ಎದುರಿಗೆ ಬಂದು ನಿಲ್ಲುತ್ತದೆ. ಬರೆಯಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನೂ ಜೊತೆಗೇ ತರುತ್ತದೆ.

ಈ ಪದದ ಬೆನ್ನು ಹತ್ತಲು ಕಾರಣವಾದದ್ದು ಇಂಗ್ಲಿಷ್ ವ್ಯಾಕರಣ. ಪಿಯುಸಿ ಓದುವ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದಳು: ವೇಕ್, ಅವೇಕ್, ವೇಕನ್, ಅವೇಕನ್, ರೌಸ್, ಅರೌಸ್. ‘ಮಾಮಾ, ಇಷ್ಟಕ್ಕೂ ಎಲ್ಲಾ ಎಚ್ಚರ ಆಗೋದೇ ಅಲ್ಲನು? ಆರು ಯಾಕ ಬೇಕು?’ ಅಂತ ಅವಳ ತಕರಾರು. ಮೊದಲ ನಾಲ್ಕು ಒಂದೇ ಮನೆಯ ಅಣ್ಣತಮ್ಮಂದಿರು, ವೇಷ ಬೇರೆ ಅಷ್ಟೆ. ಐದನೆಯದು, ‘ರೌಸ್’ ಅನ್ನುವುದು, ಬೇರೆ ಮನೆಯಿಂದ ಬಂದದ್ದು. ಆ ಮನೆ ಯಾವುದು ಅಂತ ಹುಡುಕಿದಾಗ ಸಿಕ್ಕಿದ್ದು ಕಾಡು ಮತ್ತು ಬೇಟೆ.

ಇಂಗ್ಲೆಂಡಿನಲ್ಲಿ 15ನೇ ಶತಮಾನದ ಹೊತ್ತಿಗೆ ‘ರೌಸ್’ ಬೇಟೆಗಾರರ ಮಾತು. ಅವರು ಗಿಡುಗ ಸಾಕಿ ಅದರಿಂದ ಹಕ್ಕಿ ಹಿಡಿಸುತ್ತಿದ್ದರು. ಆ ಗಿಡುಗ ಕೂತಲ್ಲೇ ಮೈ ಕೊಡವಿ ಪುಕ್ಕವನ್ನೆಲ್ಲ ಉಬ್ಬಿಸುವುದಕ್ಕೆ ‘ರೌಸ್’ ಅನ್ನುತ್ತಿದ್ದರು. ಆಮೇಲೆ 16ನೇ ಶತಮಾನದಲ್ಲಿ ಅದು ಬೇಟೆಯ ಪ್ರಾಣಿಗೂ ಬಂತು. ಪೊದೆಯಲ್ಲಿ ಅಡಗಿದ ಜಿಂಕೆಯನ್ನು, ಗುಹೆಯಲ್ಲಿ ಮಲಗಿದ ಮೃಗವನ್ನು ಅದರ ಜಾಗದಿಂದ ಹೊರಡಿಸುವುದು ರೌಸ್. ನಿದ್ದೆಯಲ್ಲಿರುವ ಮನುಷ್ಯನನ್ನು ಎಬ್ಬಿಸುವುದಕ್ಕೆ ಅದೇ ಪದ ಬಳಸತೊಡಗಿದ್ದು ಆ ಶತಮಾನದ ಕೊನೆಗೆ, ಶೇಕ್ಸ್‌ಪಿಯರ್ ಕಾಲಕ್ಕೆ. ‘ಅರೌಸ್’ ಕೂಡ ಅದೇ ಹೊತ್ತಿನಲ್ಲಿ ಹುಟ್ಟಿದ್ದು. ಈಗ ಅದನ್ನು ಹೆಚ್ಚಾಗಿ ಸಂಶಯ, ಕುತೂಹಲ ಇಂಥವನ್ನು ಎಬ್ಬಿಸುವುದಕ್ಕೆ ಇಟ್ಟುಕೊಂಡಿದ್ದಾರೆ. ಅಂದರೆ ಈ ಪದದಲ್ಲಿ ಮೊದಲು ಇದ್ದದ್ದು ಬೇಟೆ, ನಿದ್ದೆ ಬಂದದ್ದು ಆಮೇಲೆ. ಅದರ ಹೊಟ್ಟೆಯಲ್ಲಿ ‘ಇದ್ದ ಜಾಗ ಬಿಡಿಸು’ ಅನ್ನುವ ಅರ್ಥ ಮೊದಲಿನಿಂದಲೂ ಇದೆ.

ಇದನ್ನು ಓದಿದಾಗ ನನಗೆ ನಮ್ಮ ಹಿರಿಯರ ಬೇಟೆ ಮಾತು ನೆನಪಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕೆ ಮುಂಚಿನ ಕತೆ. ಒಂದು ಕಡೆ ಕೋವಿ ಹಿಡಿದವರು ಕೂರುವುದು, ಇನ್ನೊಂದು ಕಡೆಯಿಂದ ಹತ್ತಿಪ್ಪತ್ತು ಜನ ಡೋಲು ಬಡಿದು, ಕೂಗು ಹಾಕಿ, ಪೊದೆ ಬಡಿಯುತ್ತ ಬರುವುದು. ಇದಕ್ಕೆ ಸೋವುವುದು ಅಂತ ಹೆಸರು. ಮುದುಕರು ಕತೆ ಹೇಳುವಾಗ ‘ಸೋವಿದ್ರು’ ಅನ್ನುವುದಕ್ಕಿಂತ ಹೆಚ್ಚು ಸಲ ಹೇಳುವುದು ‘ಹಂದಿ ಎಬ್ಬಿಸಿದ್ರು’ ಅಂತಲೇ. ಹಂದಿ ನಿದ್ದೆ ಮಾಡುತ್ತಿರಲೇಬೇಕು ಅಂತೇನಿಲ್ಲ. ಅದು ಎಚ್ಚರವಿದ್ದರೂ ಎಬ್ಬಿಸುತ್ತಾರೆ. ಎಲ್ಲೋ ದೂರದ ಇಂಗ್ಲೆಂಡಿನ ಬೇಟೆಯವನಿಗೂ ನಮ್ಮ ಹಳಿಯಾಳದ ಅಜ್ಜನಿಗೂ ಒಂದೇ ಕೆಲಸಕ್ಕೆ ಒಂದೇ ತರಹದ ಮಾತು ಹೊಳೆದಿದೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ, ಕೆಲಸವೇ ಕಲಿಸಿದ್ದು.

ಕನ್ನಡದಲ್ಲಿ ‘ಏಳು’ ಮತ್ತು ‘ಎಬ್ಬಿಸು’ ಜೋಡಿ ಪದಗಳು. ತಮಿಳಿನಲ್ಲೂ ಎಳು, ಎಳುಪ್ಪು ಅಂತ ಇದೇ ಜೋಡಿ ಇದೆ, ಇವು ಬಹಳ ಹಳೆಯವು. ಏಳುವುದು ಏಳುವವನ ಕೆಲಸ. ಎಬ್ಬಿಸುವುದಕ್ಕೆ ಇನ್ನೊಬ್ಬ ಬೇಕು. ಶಾಲೆಯಲ್ಲಿ ಕರ್ತೃ, ಕರ್ಮ ಅಂತ ಕಲಿಸಿದ್ದು ಆಗ ಬರೀ ಐದು ಮಾರ್ಕಿನ ಪ್ರಶ್ನೆ ಅನಿಸಿತ್ತು. ಸುದ್ದಿ ಬರೆಯಲು ಶುರು ಮಾಡಿದ ಮೇಲೆ ಗೊತ್ತಾದದ್ದು, ಜಗಳವೆಲ್ಲ ಅಲ್ಲೇ ಇದೆ ಅಂತ.

‘ಒಕ್ಕಲು’ ಅಂದರೆ ಒಂದು ಕಡೆ ನೆಲೆ ನಿಂತು ಸಾಗುವಳಿ ಮಾಡಿಕೊಂಡಿರುವ ಮನೆತನ. ಗೇಣಿದಾರ ಅನ್ನುವ ಅರ್ಥವೂ ಇದೆ. ಘಟ್ಟದ ಕಡೆ, ಕರಾವಳಿ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರೆ. ಒಕ್ಕಲಾಗುವುದಕ್ಕೆ ಹಾಲುಕ್ಕಿಸುತ್ತೇವೆ, ನೆಂಟರನ್ನು ಕರೆದು ಊಟ ಹಾಕುತ್ತೇವೆ. ಎಬ್ಬಿಸುವುದಕ್ಕೆ ಒಂದು ಕಾಗದ ಸಾಕು, ಹಿಂದೆ ಅದೂ ಬೇಕಿರಲಿಲ್ಲ. ಉತ್ತರ ಕನ್ನಡದಲ್ಲಿ ಗೇಣಿ ರೈತರನ್ನು ದಿನಕರ ದೇಸಾಯಿ ಅವರು ಸಂಘಟಿಸಿದಾಗ ರೈತರಿಗಿದ್ದ ದೊಡ್ಡ ಹೆದರಿಕೆ ಇದೇ. ಒಡೆಯ ಬೇಡ ಅಂದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಇಲ್ಲ. 1961ರ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ಹೋಯಿತು, ಉಳುವವನು ಒಡೆಯನಾದ. ಆ ಹೆದರಿಕೆ ಬಯಲಿನಲ್ಲಿ ಬಹುಪಾಲು ಮುಗಿಯಿತು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಬಹಳಷ್ಟು ಮನೆಗಳು ನಿಂತಿರುವುದು ಒಡೆಯನ ಗದ್ದೆಯಲ್ಲಲ್ಲ, ಅರಣ್ಯ ಅಂತ ದಾಖಲೆಯಾದ ನೆಲದಲ್ಲಿ. ಅಲ್ಲಿ ಪದವೂ ಉಳಿಯಿತು, ಹೆದರಿಕೆಯೂ ಉಳಿಯಿತು.

ಜೋಯಿಡಾದಲ್ಲಿ ಎಬ್ಬಿಸುವಿಕೆಗೆ ಹೆಸರು ಬದಲಾಗುತ್ತ ಬಂದಿದೆ. ಮೊದಲನೆಯದು ‘ಮುಳುಗಡೆ’. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು, ಸೂಪಾ ಪಟ್ಟಣ ನೀರಿನಡಿ ಹೋಯಿತು. ಮೊದಲು ತಾಲ್ಲೂಕಿನ ಹೆಸರೇ ಸೂಪಾ. ಕಚೇರಿಗಳು ಜೋಯಿಡಾಕ್ಕೆ ಬಂದವು, ಜನರಲ್ಲಿ ಬಹಳ ಮಂದಿ ಬೆಳಗಾವಿ–ಗೋವಾ ರಸ್ತೆಯ ರಾಮನಗರಕ್ಕೆ ಹೋದರು. ಈಗಲೂ ರಾಮನಗರದ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರನ್ನು ಮಾತಿಗೆ ಎಳೆದರೆ ‘ಸೂಪಾ ಮುಳುಗಿತು’ ಅನ್ನುತ್ತಾರೆ. ಗಮನಿಸಿ, ಮುಳುಗಿತು. ಊರು ತಾನಾಗಿಯೇ ಈಜಲು ಹೋಗಿ ಮುಳುಗಿದ ಹಾಗೆ. ‘ಮುಳುಗಿಸಿದರು’ ಅಂದವರನ್ನು ನಾನು ಕೇಳಿಲ್ಲ. ಅಣೆಕಟ್ಟು ‘ಎದ್ದಿತು’ ಅಂತ ಮೇಲೆ ನಾನೇ ಬರೆದಿದ್ದೇನೆ ನೋಡಿ, ಅದೂ ಹಾಗೆಯೇ, ತಾನಾಗಿ ಹಾಸಿಗೆಯಿಂದ ಎದ್ದಂತೆ. ನಮ್ಮ ಭಾಷೆಗೆ ಮಾಡಿದವರನ್ನು ಮರೆಮಾಡುವ ಕಲೆ ಚೆನ್ನಾಗಿ ಗೊತ್ತು. ಸರ್ಕಾರಿ ಭಾಷೆಗಂತೂ ಇನ್ನೂ ಚೆನ್ನಾಗಿ ಗೊತ್ತು.

ಎರಡನೆಯ ಹೆಸರು ‘ಪುನರ್ವಸತಿ’. ದಾಂಡೇಲಿ ಅಭಯಾರಣ್ಯ 1956ರದ್ದು. ಅಣಶಿ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರಿಟ್ಟರು. ಒಳಗಿರುವ ಊರುಗಳ ಜನ ಹೊರಗೆ ಬಂದರೆ ಪ್ಯಾಕೇಜ್ ಇದೆ. 2008ರಿಂದ ಕುಟುಂಬಕ್ಕೆ 10 ಲಕ್ಷ ರೂಪಾಯಿ ಇದ್ದದ್ದು 2021ರಲ್ಲಿ 15 ಲಕ್ಷ ಆಯಿತು. 18 ದಾಟಿದವರನ್ನು ಬೇರೆ ಕುಟುಂಬವೆಂದೇ ಲೆಕ್ಕ ಹಿಡಿಯುತ್ತಾರೆ. ಕಾಗದದಲ್ಲಿ ಇದರ ಪೂರ್ತಿ ಹೆಸರು ‘ಸ್ವಯಂಪ್ರೇರಿತ ಪುನರ್ವಸತಿ’. ಸ್ವಯಂಪ್ರೇರಿತ ಅಂದರೆ ಯಾರೂ ಎಬ್ಬಿಸಲಿಲ್ಲ, ಅವರೇ ಎದ್ದರು ಅಂತ.

ಒಳಗಿನ ಒಂದು ಊರಿಗೆ ಸುದ್ದಿಗೆಂದು ಹೋಗಿದ್ದೆ. ಊರಿನ ಹೆಸರು ಬೇಡ, ಮನೆಯವರ ಹೆಸರೂ ಬೇಡ. ಬೈಕ್ ಬಿಟ್ಟು ಒಂದು ತಾಸು ನಡೆಯುವ ದಾರಿ. ಕುಣಬಿಯವರ ಮನೆ, ಅಂಗಳದಲ್ಲಿ ಮುಡ್ಲಿ ಗೆಡ್ಡೆ ಹರವಿದ್ದರು. ತಂದೆ ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ, ‘ನಮ್ಮನ್ನು ಎಬ್ಬಿಸುತ್ತಿದ್ದಾರೆ’. ಅದೇ ಜಗುಲಿಯಲ್ಲಿ ಕೂತ ಮಗ ಕನ್ನಡದಲ್ಲೇ ಹೇಳಿದ, ‘ಇಲ್ಲ ಸರ್, ನಾವೇ ಹೊರಟಿದ್ದೇವೆ.’ ತಂದೆ ಸುಮ್ಮನೆ ಗೆಡ್ಡೆಯ ಮಣ್ಣು ಬಿಡಿಸುತ್ತ ಕೂತರು. ಮಗ ಕಾರಣ ಹೇಳಿದ. ಹಿಂದಿನ ಮಳೆಗಾಲದಲ್ಲಿ ಬಸುರಿ ಹೆಂಡತಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ರಸ್ತೆಗೆ ತಂದಿದ್ದರಂತೆ. ಹಳ್ಳ ತುಂಬಿ, ದಡದಲ್ಲಿ ಎರಡು ತಾಸು ಕಾದದ್ದು. ಮಗು ಉಳಿಯಿತು. ‘ಇನ್ನೊಂದು ಸಲ ನನ್ನಿಂದ ಆಗೋದಿಲ್ಲ’ ಅಂದ. ಫೋನ್ ನೋಡಿಕೊಂಡ, ಸಿಗ್ನಲ್ ಇಲ್ಲದ ಜಾಗದಲ್ಲಿ ಅದು ಅಭ್ಯಾಸ ಅಷ್ಟೆ.

ಇಬ್ಬರಲ್ಲಿ ಯಾರ ಮಾತು ಸುಳ್ಳು? ಇಬ್ಬರದೂ ಅಲ್ಲ. ಮಗನ ಮಾತನ್ನು ‘ಯಾರೋ ಹೇಳಿಕೊಟ್ಟದ್ದು’ ಅಂತ ತಳ್ಳಿಹಾಕುವ ಗೆಳೆಯರು ನನಗಿದ್ದಾರೆ, ಅವರು ಆ ಜೋಲಿಗೆ ಹೆಗಲು ಕೊಟ್ಟವರಲ್ಲ. ಆದರೆ ಇನ್ನೊಂದನ್ನೂ ಕೇಳಬೇಕು. ರಸ್ತೆ, ಕರೆಂಟು, ಆಸ್ಪತ್ರೆ ಒಂದೂ ತಲುಪದ ಜಾಗದಿಂದ ಮನುಷ್ಯ ತಾನೇ ಎದ್ದು ಹೊರಟರೆ ಆ ಏಳುವಿಕೆಯಲ್ಲಿ ಅವನ ಪಾಲೆಷ್ಟು? ಡೋಲು ಬಡಿಯದೆಯೂ ಬೇಟೆ ಏಳುತ್ತದೆ. ಅದು ನೀರು ಕುಡಿಯುವ ದಾರಿ ಕಟ್ಟಿದರೆ ಸಾಕು. ಕಾಡಿನ ಕಾನೂನಿಗೆ ಅದರದೇ ಕಾರಣಗಳಿವೆ, ಹುಲಿಗೆ ಜಾಗ ಬೇಕು ಅನ್ನುವುದನ್ನು ಆ ತಂದೆಯೂ ಒಪ್ಪುತ್ತಾರೆ. ಅವರ ದೇವರ ಕಟ್ಟೆಯಲ್ಲೇ ಹುಲಿಯ ಕಲ್ಲು ಇದೆ. ನಾನು ವರದಿಯಲ್ಲಿ ಇಬ್ಬರ ಕ್ರಿಯಾಪದವನ್ನೂ ಹಾಗೇ ಇಟ್ಟೆ: ತಂದೆ ‘ಎಬ್ಬಿಸುತ್ತಿದ್ದಾರೆ’ ಎಂದರು, ಮಗ ‘ಹೊರಟಿದ್ದೇವೆ’ ಎಂದರು. ಪತ್ರಿಕೆಯಲ್ಲಿ ಶೀರ್ಷಿಕೆ ‘ಸ್ಥಳಾಂತರಕ್ಕೆ ಸಮ್ಮತಿ’ ಅಂತ ಬಂತು. ಎರಡು ಕಾಲಂ ಜಾಗದಲ್ಲಿ ಅಪ್ಪ ಮಗ ಇಬ್ಬರೂ ಹಿಡಿಸುವುದಿಲ್ಲ, ಅದು ಡೆಸ್ಕಿನವರ ಕಷ್ಟ.

ಅಕ್ಕನ ಮಗಳ ಪಟ್ಟಿಗೆ ಬರೋಣ. ‘ವೇಕ್’ ಮನೆತನದ ಕತೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದ ಇದ್ದವು, ಒಂದು ಎಚ್ಚರಾಗುವುದಕ್ಕೆ, ಇನ್ನೊಂದು ಎಚ್ಚರ ಇರುವುದಕ್ಕೆ. ಎರಡೂ ಕೂಡಿ ವೇಕ್ ಆಯಿತು. ಇದೇ ಬೇರಿನಿಂದ ಬಂದ ಇನ್ನೊಂದು ಪದ ನಮ್ಮೂರ ಎಲ್ಲರಿಗೂ ಗೊತ್ತು: ವಾಚ್. ರಾತ್ರಿ ನಿದ್ದೆಗೆಟ್ಟು ಕಾಯುವುದೇ ವಾಚ್. ಕೈಗೆ ಕಟ್ಟುವ ವಾಚು ಅದರ ಮೊಮ್ಮಗ. ಸತ್ತವರ ಪಕ್ಕ ರಾತ್ರಿಯಿಡೀ ಕೂರುವುದನ್ನು ಇಂಗ್ಲಿಷಿನವರು ಈಗಲೂ ‘ವೇಕ್’ ಅನ್ನುತ್ತಾರೆ. ನಮ್ಮಲ್ಲೂ ಹೆಣ ಇಟ್ಟ ಮನೆಯಲ್ಲಿ ದೀಪ ಆರದಂತೆ ಯಾರಾದರೂ ಕೂತಿರುತ್ತಾರೆ, ಹೆಸರು ಮಾತ್ರ ಇಟ್ಟಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ದಾಯಾದಿಗಳು ಸಿಗುತ್ತಾರೆ. ಚುರುಕಾಗಿರು, ಜೀವಕಳೆಯಿಂದಿರು ಅನ್ನುವ ಅರ್ಥದ ಆ ಬೇರಿನಿಂದಲೇ ‘ವೆಜಿಟೇಬಲ್’ ಬಂದಿದೆ. ಹಾಗಾಗಿ ದಾಂಡೇಲಿಯ ಹೋಟೆಲಿನಲ್ಲಿ ವೆಜ್ ಬಿರಿಯಾನಿ ತಿಂದು ಮಧ್ಯಾಹ್ನ ತೂಕಡಿಸುವವರು ಪದದ ಮೂಲಕ್ಕೆ ದ್ರೋಹ ಮಾಡುತ್ತಿದ್ದಾರೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವಾಚ್‌ನಿಂದ ಹುಟ್ಟಿದ ‘ವಾಚರ್’ ಅಂದರೆ ಅರಣ್ಯ ಇಲಾಖೆಯ ವಾಚರ್. ಆ ಪದದ ಮೂಲ ಅರ್ಥ ‘ಎಚ್ಚರ ಇರುವವನು’ ಅಂತ ತಿಳಿದ ಮೇಲೆ ಆ ಹುಡುಗರನ್ನು ನೋಡುವ ನನ್ನ ಕಣ್ಣು ಸ್ವಲ್ಪ ಬದಲಾಗಿದೆ. ಕಾಡಿನೊಳಗಿನ ಕ್ಯಾಂಪಿನಲ್ಲಿ ಕಳ್ಳಬೇಟೆ ಕಾಯುವವರು, ಬೇಸಿಗೆಯಲ್ಲಿ ಬೆಂಕಿ ಕಾಯುವವರು ಇವರೇ. ಬಹಳ ಮಂದಿ ಇಲ್ಲಿಯವರೇ: ಗೌಳಿ, ಕುಣಬಿ, ಸಿದ್ದಿ ಮನೆಗಳ ಹುಡುಗರು. ಎಂದೋ ಅಜ್ಜ ಹಂದಿ ಎಬ್ಬಿಸಿದ ಕಾಡಿನಲ್ಲಿ ಮೊಮ್ಮಗ ಹಂದಿಯ ನಿದ್ದೆ ಕೆಡದಂತೆ ಕಾಯುತ್ತಾನೆ. ಕಾಡಿಗಾಗಿ ತಾನು ರಾತ್ರಿ ಎಚ್ಚರವಿರುವ ವಾಚರ್‌ನ ಸ್ವಂತ ಮನೆಯೇ ಅದೇ ಕಾಡಿನಿಂದ ಹೊರಡುವ ಪಟ್ಟಿಯಲ್ಲಿ ಇರುವುದೂ ಉಂಟು. ಅಂಥ ಒಬ್ಬನನ್ನು ಕೇಳಿದೆ, ಏನನ್ನಿಸುತ್ತದೆ ಅಂತ. ‘ಡ್ಯೂಟಿ ಸರ್’ ಅಂದ. ಆಮೇಲೆ ಆನೆ ಲದ್ದಿ ತೋರಿಸಿ, ಇದು ನಿನ್ನೆಯದು, ಬನ್ನಿ ಬೇಗ ನಡೆಯೋಣ ಅಂತ ಮಾತು ತಿರುಗಿಸಿದ.

ಮುಂಡಗೋಡದ ರೈತರಿಗೆ ವಾಚರ್ ಅಂತ ಹುದ್ದೆ ಇಲ್ಲ, ಸಂಬಳವೂ ಇಲ್ಲ, ಕೆಲಸ ಮಾತ್ರ ಅದೇ. ಭತ್ತ, ಗೋವಿನಜೋಳ ತೆನೆಗೆ ಬಂದಾಗ ದಾಂಡೇಲಿ, ಹಳಿಯಾಳದ ಕಾಡಿನ ಕಡೆಯಿಂದ ಆನೆ ಹಿಂಡು ಇಳಿಯುತ್ತದೆ. ಹೊಲದ ಮಾಳದಲ್ಲಿ ರಾತ್ರಿಯೆಲ್ಲ ಕೂತು, ಡಬ್ಬ ಬಡಿದು, ಪಟಾಕಿ ಹಚ್ಚಿ ಬೆಳಗು ಮಾಡುತ್ತಾರೆ. ಮರುದಿನ ಆ ಮನುಷ್ಯ ಬ್ಯಾಂಕಿನ ಸರದಿಯಲ್ಲಿ ನಿಂತಲ್ಲೇ ತೂಗಿದರೆ ‘ಏ, ಎಚ್ಚರಾಗೋ’ ಅಂತ ನಗುತ್ತಾರೆ. ದಾಂಡೇಲಿ ಸುತ್ತಲಿನ ಹೋಮ್‌ಸ್ಟೇ ಹುಡುಗರ ಕೆಲಸ ಇನ್ನೊಂದು ನಮೂನೆ. ಬೆಳಿಗ್ಗೆ ಐದಕ್ಕೆ ಬೆಂಗಳೂರಿನವರ ಬಾಗಿಲು ತಟ್ಟಿ ಎಬ್ಬಿಸಬೇಕು, ಸಫಾರಿಗೆ ಹೊತ್ತಾಗುತ್ತದೆ, ಮಂಗಟ್ಟೆ ಹಕ್ಕಿ ಹಾರಿಹೋಗುತ್ತದೆ. ಬರ್ಡ್ ವಾಚಿಂಗ್‌ಗೆ ವೇಕ್ ಅಪ್ ಕಾಲ್: ಒಂದೇ ಬೇರಿನ ಎರಡು ಪದಕ್ಕೆ ಒಬ್ಬನೇ ಹುಡುಗ, ಒಂದೇ ಟಿಪ್ಸ್.

ಇಂಗ್ಲಿಷಿಗೆ ಇಲ್ಲದ ಒಂದು ಸೌಕರ್ಯ ಕನ್ನಡಕ್ಕಿದೆ. ನಮ್ಮ ‘ಎಚ್ಚರ’ದಲ್ಲಿ ನಿದ್ದೆ ಬಿಡುವುದೂ ಇದೆ, ಜೋಪಾನವಾಗಿರುವುದೂ ಇದೆ. ಅದಕ್ಕೆ ಒಂದು ಬಾಲ ಹಚ್ಚಿದರೆ ‘ಎಚ್ಚರಿಕೆ’, ರಸ್ತೆ ಬದಿಯ ಹಳದಿ ಫಲಕ. ಇಂಗ್ಲಿಷಿನಲ್ಲಿ ಈ ಎರಡು ಅರ್ಥವನ್ನು ಕೂಡಿಸಿದವರು ಅಮೆರಿಕದ ಕಪ್ಪು ಜನ. ‘ವೋಕ್’ ಆಗಿರು ಅಂದರೆ ಅವರಲ್ಲಿ ಕಣ್ಣು ತೆರೆದಿರು, ಜೀವ ಜೋಪಾನ ಅಂತ. 1938ರಲ್ಲಿ ಲೆಡ್ ಬೆಲ್ಲಿ ಅನ್ನುವ ಗಾಯಕ, ಸುಳ್ಳು ಆರೋಪದಲ್ಲಿ ಸಿಕ್ಕ ಒಂಬತ್ತು ಕಪ್ಪು ಹುಡುಗರ ಮೇಲಿನ ಹಾಡಿನ ಧ್ವನಿಮುದ್ರಣದಲ್ಲಿ ತನ್ನವರಿಗೆ ಕೊಟ್ಟದ್ದು ಇದೇ ಎಚ್ಚರಿಕೆ. ಅಲಬಾಮಾ ಕಡೆ ಹೋಗುವಾಗ ಹುಷಾರು ಅಂತ. ಈಗ ಅದೇ ಪದವನ್ನು ಟಿವಿಯಲ್ಲಿ ಬೈಗುಳ ಮಾಡಿದ್ದಾರೆ. ಎಚ್ಚರವಿರುವವರನ್ನು ಕಂಡರೆ ಆಗದವರು ಎಲ್ಲ ಕಡೆಯೂ ಇದ್ದಾರೆ ಅನ್ನಿ.

ಹಳಿಯಾಳ, ರಾಮನಗರದಲ್ಲಿ ಅರ್ಧ ಮಾತು ಮರಾಠಿ, ಹಾಗಾಗಿ ಅದನ್ನೂ ಬಿಡುವ ಹಾಗಿಲ್ಲ. ಮರಾಠಿಯಲ್ಲಿ ‘ಜಾಗಾ’ ಅಂದರೆ ಎಚ್ಚರವಾಗಿರುವವನು, ಶಿವರಾತ್ರಿಯ ಜಾಗರಣೆಯ ಸಂಬಂಧಿ. ಅದೇ ‘ಜಾಗಾ’ ಅಂದರೆ ಸ್ಥಳ ಕೂಡ, ನಮ್ಮ ಜಾಗ. ಮೊದಲನೆಯದು ಸಂಸ್ಕೃತದ ಕಡೆಯದು, ಎರಡನೆಯದು ಪಾರ್ಸಿಯಿಂದ ಬಂದದ್ದು, ರಕ್ತಸಂಬಂಧ ಏನೂ ಇಲ್ಲ. ಆದರೂ ಅರಣ್ಯ ಹಕ್ಕಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ‘ಜಾಗಾ’ ಅಂದಾಗ ನನ್ನ ಕಿವಿಗೆ ಎರಡೂ ಕೇಳುತ್ತವೆ.

ಇನ್ನು ಮುಂಡಗೋಡದ ಟಿಬೆಟನ್ ಕಾಲೊನಿ. 1966ರಲ್ಲಿ ಶುರುವಾದದ್ದು, ಗಾಂದೆನ್, ದ್ರೆಪುಂಗ್ ಎಂಬ ದೊಡ್ಡ ಮಠಗಳು ಅಲ್ಲಿವೆ. ಬುದ್ಧ ಅನ್ನುವ ಪದಕ್ಕೆ ಎಚ್ಚತ್ತವನು ಅಂತ ಅರ್ಥ, ಸಂಸ್ಕೃತದ ‘ಬುಧ್’ ಧಾತು ಎಚ್ಚರಾಗುವುದನ್ನೇ ಹೇಳುತ್ತದೆ. ಟಿಬೆಟಿನವರು ಅದನ್ನು ತಮ್ಮ ಭಾಷೆಗೆ ತರುವಾಗ ‘ಸಂಗೆ’ ಅಂದರು. ಅದರಲ್ಲಿ ಎರಡು ತುಂಡು, ಒಂದರ ಅರ್ಥ ಎಚ್ಚತ್ತು ನಿರ್ಮಲವಾದ, ಇನ್ನೊಂದರದು ಅರಳಿದ. ಯಾರೂ ಎಬ್ಬಿಸದೆ ತಾನೇ ಎದ್ದವನ ಹೆಸರನ್ನು ದಿನವೂ ಹೇಳುವ ಈ ಜನ 1959ರ ನಂತರ ತಮ್ಮ ನೆಲದಿಂದ ಎದ್ದು ಬರಬೇಕಾಯಿತು. ಕಾಲೊನಿಯ ಅಂಗಡಿಯ ಅಜ್ಜಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಚಿಲ್ಲರೆ ಕೊಡುವಾಗ ‘ನಮ್ಮೂರು’ ಅಂದರೆ ಮುಂಡಗೋಡ ಅನ್ನುತ್ತಾರೋ ಲ್ಹಾಸಾದ ಕಡೆಯದೋ ಅನ್ನುವುದು ಆ ದಿನದ ಮನಸ್ಸಿನ ಮೇಲೆ ಹೋಗುತ್ತದೆ.

ಕಂದಾಯ ದಾಖಲೆಯಲ್ಲಿ ಎಬ್ಬಿಸುವಿಕೆಯ ಕೊನೆಗೆ ಬರುವ ಪದ ‘ಬೇಚರಾಕ್’. ಜನವಸತಿ ಇಲ್ಲದ ಗ್ರಾಮಕ್ಕೆ ಹಾಗೆ ಬರೆಯುತ್ತಾರೆ. ಅದು ಪಾರ್ಸಿಯ ಬೇ-ಚಿರಾಗ್, ದೀಪವಿಲ್ಲದ್ದು. ತಲಾಠಿಗಳು ದಿನವೂ ಬರೆಯುವ ಈ ಪದದಲ್ಲಿ ಇಷ್ಟು ಕತ್ತಲೆ ಇದೆ ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ.

2019ರ ಫೆಬ್ರವರಿಯಲ್ಲಿ ಈ ಪದಗಳೆಲ್ಲ ಒಟ್ಟಿಗೆ ಎದ್ದು ನಿಂತಿದ್ದವು. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 13ರಂದು ಆದೇಶಿಸಿತು, 28ರಂದು ಅದನ್ನು ತಡೆಹಿಡಿಯಿತು. ನಡುವಿನ ಎರಡು ವಾರ ನನ್ನ ಫೋನಿಗೆ ಬಂದ ಪ್ರಶ್ನೆ ಒಂದೇ: ‘ನಮ್ಮನ್ನ ಎಬ್ಬಿಸ್ತಾರೇನ್ರೀ?’ ಕೇಳಿದವರಲ್ಲಿ ಬಹಳ ಜನರಿಗೆ ಕಾಯ್ದೆ ಏನು ಹೇಳುತ್ತದೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿ ಬರೆದಿಡುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5)ರ ಪ್ರಕಾರ, ಹಕ್ಕನ್ನು ಗುರುತಿಸುವ, ಪರಿಶೀಲಿಸುವ ಕೆಲಸ ಪೂರ್ತಿ ಆಗುವವರೆಗೆ ಅರಣ್ಯವಾಸಿಯನ್ನು ಅವನ ಸ್ವಾಧೀನದ ನೆಲದಿಂದ ಒಕ್ಕಲೆಬ್ಬಿಸುವಂತಿಲ್ಲ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸ ಸಾಕು. ಸಿದ್ದಿಯವರಿಗೆ 2003ರಲ್ಲಿ ಆ ಪಟ್ಟಿ ಸಿಕ್ಕಿದೆ. ಕುಣಬಿಯವರು ಇನ್ನೂ ಕೇಳುತ್ತಿದ್ದಾರೆ, ಅದಕ್ಕೇ ಅವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ಪುರಾವೆ ಕೇಳುವುದು. ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಡುವುದಾದರೆ ವನ್ಯಜೀವಿ ಕಾಯ್ದೆಯ 38ವಿ ಸೆಕ್ಷನ್ ಪ್ರಕಾರ ಗ್ರಾಮಸಭೆಯದೂ, ಹೊರಡುವವರದೂ ತಿಳಿದು ಕೊಟ್ಟ ಒಪ್ಪಿಗೆ ಬೇಕು.

‘ತಿಳಿದು ಕೊಟ್ಟ’ ಅನ್ನುವುದನ್ನು ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತುವ ಮೊದಲು ಯಾರಾದರೂ ಓದಿ ಹೇಳಬೇಕು. ಆ ಕಾಗದದಲ್ಲಿ ‘ನಾವು ಹೊರಡುತ್ತೇವೆ’ ಅಂತ ಇದೆಯೋ, ‘ನಮ್ಮನ್ನು ಹೊರಡಿಸಲಾಗುತ್ತದೆ’ ಅಂತ ಇದೆಯೋ ಕೇಳಿಕೊಳ್ಳಿ. ಓದಿ ಹೇಳುವವರು ಊರಲ್ಲಿ ಇಲ್ಲದಿದ್ದರೆ ಕಾಗದದ ಫೋಟೊ ತೆಗೆದು ನಮ್ಮಲ್ಲಿ ಯಾರಿಗಾದರೂ ಕಳಿಸಿ. ಸಿಗ್ನಲ್ ಸಿಗುವ ಗುಡ್ಡ ಹತ್ತಿ ರಾತ್ರಿ ಹತ್ತಕ್ಕೆ ಕಳಿಸಿದರೂ ಆದೀತು.